ಅಮ್ಮನಿಗೆ ಕೊಡಿಸಿದ ಪುಟ್ಟ ಕ್ಯಾಮೆರಾ: ಸೋನಿ ಡಬ್ಲ್ಯು830

ಎಂದೂ ಕ್ಯಾಮೆರಾ ಹಿಡಿಯದವರಿಗೆ ಯಾವುದನ್ನು ಕೊಡಿಸುವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಸೋನಿ ಸೈಬರ್‌ಶಾಟ್ ಡಬ್ಲ್ಯು830. 2014ರಲ್ಲಿ ಬಂದ ಅಗ್ಗದ ಮಾದರಿ ಇದು. ಬ್ಯಾಟರಿ, ಕಾರ್ಡ್ ಸೇರಿ ಸುಮಾರು 120 ಗ್ರಾಂ ತೂಗುತ್ತದೆ; ಅಂಗಿಯ ಜೇಬಿನಲ್ಲಿಟ್ಟರೂ ಭಾರವೆನಿಸದು. ಗಿಡಗಳೆಂದರೆ ಪ್ರಾಣ ಬಿಡುವ ನನ್ನ ಅಮ್ಮನಿಗೆ ಇದನ್ನೇ ಕೊಡಿಸಿದ್ದೇನೆ. ಮೊಬೈಲ್ ಪರದೆಯನ್ನು ಮುಟ್ಟಲು ಹಿಂಜರಿಯುವ ಅವರು ಇದರ ಗುಂಡಿಗಳನ್ನು ಮಾತ್ರ ಧೈರ್ಯವಾಗಿ ಒತ್ತುತ್ತಾರೆ.

ಆ ಗುಂಡಿಯೇ ಇದರ ದೊಡ್ಡ ಗುಣ. ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಫೋಕಸ್ ಕೂಡುತ್ತದೆ, ಪರದೆಯ ಮೇಲೆ ಹಸಿರು ಚೌಕ ಮೂಡುತ್ತದೆ. ಪೂರ್ತಿ ಒತ್ತಿದಾಗ ಚಿತ್ರ. ದಾಸವಾಳದ ಮೇಲೆ ಫೋಕಸ್ ಹಿಡಿದು, ಬೆರಳು ಸಡಿಲಿಸದೆ ಕ್ಯಾಮೆರಾವನ್ನು ತುಸು ಪಕ್ಕಕ್ಕೆ ತಿರುಗಿಸಿ, ಹೂವನ್ನು ಚೌಕಟ್ಟಿನ ಅಂಚಿಗೆ ತರುವುದನ್ನು ಅಮ್ಮ ಬೇಗನೆ ಕಲಿತರು. ಒತ್ತುವ ಮೊದಲು ನೋಡಬೇಕು ಎಂಬ ಅಭ್ಯಾಸವನ್ನು ಯಾವ ಪಾಠವೂ ಇಷ್ಟು ಸಲೀಸಾಗಿ ಕಲಿಸದು. ಈಸಿ ಮೋಡ್‌ನಲ್ಲಿ ಅಕ್ಷರಗಳು ದೊಡ್ಡದಾಗುತ್ತವೆ, ಆಯ್ಕೆಗಳು ಕಡಿಮೆಯಾಗುತ್ತವೆ. ಆರಂಭದ ದಿನಗಳಿಗೆ ಅದು ಸಾಕು.

ಜೂಮ್ 8 ಪಟ್ಟು; ಕ್ಯಾಮೆರಾದವರ ಲೆಕ್ಕದಲ್ಲಿ ಅಗಲದ ನೋಟದ 25 ಮಿಲಿಮೀಟರ್‌ನಿಂದ ದೂರದ ನೋಟದ 200 ಮಿಲಿಮೀಟರ್‌ವರೆಗೆ. ಮಸೂರವೇ ಚಲಿಸಿ ದೂರದ್ದನ್ನು ಹತ್ತಿರ ತರುವುದರಿಂದ ಕೊಂಬೆಯ ಮೇಲಿನ ಹಕ್ಕಿ ಕಲಸಿದ ಬಣ್ಣದ ಮುದ್ದೆಯಾಗುವುದಿಲ್ಲ. ಚಿತ್ರದ ನಡುಭಾಗವನ್ನಷ್ಟೇ ಕತ್ತರಿಸಿ ಹಿಗ್ಗಿಸುವ, ಮೆನುವಿನಲ್ಲಿರುವ ಡಿಜಿಟಲ್ ಜೂಮ್ ಅನ್ನು ಮೊದಲ ದಿನವೇ ನಿಲ್ಲಿಸಿಬಿಡಿ. ಹೂವಿನ ತೀರಾ ಹತ್ತಿರದ ಚಿತ್ರಕ್ಕೆ ಜೂಮ್ ಬೇಡ: ಪೂರ್ತಿ ಅಗಲದ ನೋಟದಲ್ಲಿ ಸುಮಾರು 5 ಸೆಂಟಿಮೀಟರ್ ದೂರದಿಂದಲೂ ಫೋಕಸ್ ಆಗುತ್ತದೆ, ಜೂಮ್ ಮಾಡಿದಷ್ಟೂ ಹಿಂದೆ ಸರಿಯಬೇಕಾಗುತ್ತದೆ.

20.1 ಮೆಗಾಪಿಕ್ಸೆಲ್ ಎಂಬ ಅಂಕಿಗೆ ಮರುಳಾಗಬೇಡಿ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಚಿಕ್ಕದು, ಜೂಮ್‌ನ ತುದಿಯಲ್ಲಿ ಮಸೂರದ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಎಫ್6.3ಕ್ಕೆ ಕಿರಿದಾಗಿ ಬೆಳಕು ಕಡಿಮೆ ಒಳಬರುತ್ತದೆ. ಆದ್ದರಿಂದ ಮುಸ್ಸಂಜೆಯಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಆಗ ಜೂಮ್ ಬಿಟ್ಟು ಕಾಲ್ನಡಿಗೆಯಲ್ಲೇ ಹತ್ತಿರ ಹೋಗುವುದು ಒಳ್ಳೆಯದು. ಮನೆಯೊಳಗೆ ಹತ್ತಿರದ ಮುಖಗಳಿಗೆ ಇದರ ಕ್ಸೆನಾನ್ ಫ್ಲ್ಯಾಶ್ ಬಹಳ ಉಪಯುಕ್ತ. ಓಡಾಡುವ ಮಗುವನ್ನೂ ಅದು ಅಲುಗದಂತೆ ಹಿಡಿಯುತ್ತದೆ. ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್ ಇದೆ ಎಂಬ ಕಾರಣಕ್ಕೇ ಈಗ ಕೆಲವರು ಇಂಥ ಕ್ಯಾಮೆರಾಗಳನ್ನು ಹುಡುಕುತ್ತಿದ್ದಾರೆ. ಒಳ್ಳೆಯ ಬೆಳಕಿನಲ್ಲಿ ಬಣ್ಣಗಳು ಚೆನ್ನಾಗಿ ಬರುವುದು ನಿಜ, ಆದರೆ ನನ್ನ ಲೆಕ್ಕದಲ್ಲಿ ಅದಕ್ಕೆ ಬೆಳಕೇ ಹೆಚ್ಚಿನ ಕಾರಣ.

ವೈಫೈ ಇಲ್ಲ, ವಿಡಿಯೊ 720ಪಿ ಮಾತ್ರ. 2.7 ಇಂಚಿನ ಪರದೆ ಮಂಕು, ಬಿಸಿಲಿನಲ್ಲಿ ಸರಿಯಾಗಿ ಕಾಣದು. ಚಿತ್ರ ಹೇಗೆ ಬಂದಿದೆ ಎಂದು ಅಲ್ಲೇ ತೀರ್ಮಾನಿಸದೆ ಕಂಪ್ಯೂಟರಿನಲ್ಲಿ ನೋಡಿ. ತೆಗೆದ ಕೂಡಲೇ ಹಂಚಿಕೊಳ್ಳಬೇಕು ಎನ್ನುವವರಿಗೆ, ವಿಡಿಯೊವೇ ಮುಖ್ಯವಾದವರಿಗೆ ಇದನ್ನು ನಾನು ಹೇಳುವುದಿಲ್ಲ.

ಬಳಸಿದ ಕ್ಯಾಮೆರಾ ಕೊಳ್ಳುವುದಾದರೆ ಮಸೂರ ತಡೆಯಿಲ್ಲದೆ ಹೊರಬಂದು ಒಳಹೋಗುತ್ತದೆಯೇ ನೋಡಿ. ಪೂರ್ತಿ ಜೂಮ್ ಮಾಡಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಒಳಗೆ ಧೂಳು ಸೇರಿದೆ, ಬಿಟ್ಟುಬಿಡಿ. ಎನ್‌ಪಿ-ಬಿಎನ್ ಬ್ಯಾಟರಿ ಉಬ್ಬಿದ್ದರೆ ಬಳಸಲೇಬೇಡಿ. ಸುಸ್ಥಿತಿಯಲ್ಲಿದ್ದರೂ ಇನ್ನೊಂದನ್ನು ಜೊತೆಗೇ ಕೊಂಡುಕೊಳ್ಳಿ, ಏಕೆಂದರೆ ಹೊಸ ಬ್ಯಾಟರಿಯೂ ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 200 ಚಿತ್ರಗಳಿಗಷ್ಟೇ ಬರುತ್ತದೆ.