ಫ್ಲೇರ್, ಬೀಕನ್, ರೇಡಿಯೊ, ಲೈಫ್ ಜಾಕೆಟ್: ವಿಹಾರ ದೋಣಿಗೆ ಯಾವುದು ಸರಿ?

ವಿಹಾರ ದೋಣಿಗೆ ಆಪತ್ಕಾಲದ ಸಾಮಾನು ಆರಿಸುವಾಗ ಬಹಳ ಜನ ಒಂದು ಫ್ಲೇರ್ (ಆಪತ್ತಿನಲ್ಲಿ ಹೊತ್ತಿಸುವ ಬೆಂಕಿಯ ಸಂಕೇತ) ಪ್ಯಾಕೆಟನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಸಾಮಾನು ಮಾಡುವ ಕೆಲಸ ಯಾವುದು ಎಂದು. ಕಣ್ಣಿಗೆ ಕಾಣದಷ್ಟು ದೂರದಲ್ಲಿರುವವರಿಗೆ ನಾವು ಅಪಾಯದಲ್ಲಿದ್ದೇವೆ ಎಂದು ತಿಳಿಸುವುದು ಒಂದು ಕೆಲಸ. ಹುಡುಕುತ್ತಾ ಹತ್ತಿರ ಬಂದವರಿಗೆ ಅಲೆಗಳ ನಡುವೆ ನಮ್ಮ ಜಾಗ ತೋರಿಸುವುದು ಇನ್ನೊಂದು. ಮೊದಲನೆಯದನ್ನು ರೇಡಿಯೊ ಮತ್ತು ಉಪಗ್ರಹ ಬೀಕನ್ (ಉಪಗ್ರಹದ ಮೂಲಕ ಆಪತ್ತಿನ ಕರೆ ಕಳಿಸುವ ಸಾಧನ) ಮಾಡುತ್ತವೆ, ಎರಡನೆಯದನ್ನು ಬೆಂಕಿ, ಹೊಗೆ, ದೀಪ, ಕನ್ನಡಿ ಮಾಡುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಪೆಟ್ಟಿಗೆ ತುಂಬಿದ್ದರೂ ಸಹಾಯ ಬರುವುದಿಲ್ಲ.

ಕಾನೂನಿನ ಪಟ್ಟಿಯನ್ನು ನಂಬಿ ಕೂರುವವರಿಗೆ ಇದನ್ನು ಒತ್ತಿ ಹೇಳಬೇಕು. ಅಮೆರಿಕದ ನಿಯಮವನ್ನೇ ನೋಡಿ. ಕರಾವಳಿ ನೀರು ಮತ್ತು ಗ್ರೇಟ್ ಲೇಕ್ಸ್ ಎಂಬ ದೊಡ್ಡ ಸರೋವರಗಳಲ್ಲಿ 16 ಅಡಿ ಅಥವಾ ಅದಕ್ಕಿಂತ ಉದ್ದದ ವಿಹಾರ ದೋಣಿಯಲ್ಲಿ ಹಗಲಿಗೂ ರಾತ್ರಿಗೂ ಕೆಲಸಕ್ಕೆ ಬರುವ, ಕಣ್ಣಿಗೆ ಕಾಣುವ ಸಂಕೇತಗಳು ಇರಲೇಬೇಕು. ಅದಕ್ಕಿಂತ ಚಿಕ್ಕ ದೋಣಿಗೆ ರಾತ್ರಿಯ ಸಂಕೇತ ಸಾಕು, ಅದೂ ಸೂರ್ಯಾಸ್ತದ ನಂತರ ನೀರಿಗಿಳಿದರೆ. ಬೆಂಕಿಯ ಸಂಕೇತಗಳನ್ನೇ ನೆಚ್ಚಿಕೊಂಡರೆ ಕನಿಷ್ಠ ಮೂರು ಇರಬೇಕು, ತಯಾರಾಗಿ 42 ತಿಂಗಳು ಕಳೆದದ್ದು ಲೆಕ್ಕಕ್ಕಿಲ್ಲ. ಆದರೆ ಅದೇ ನಿಯಮ ಸಾಮಾನ್ಯ ವಿಹಾರ ದೋಣಿಗೆ ವಿಎಚ್‌ಎಫ್ ರೇಡಿಯೊವನ್ನಾಗಲಿ (ದೋಣಿಗಳು, ದಡದವರು ಮಾತಾಡಿಕೊಳ್ಳುವ ರೇಡಿಯೊ) ಉಪಗ್ರಹ ಬೀಕನ್ ಅನ್ನಾಗಲಿ ಕಡ್ಡಾಯ ಮಾಡಿಲ್ಲ. ಕಾನೂನು ಕೇಳುವುದು ಎರಡನೆಯ ಕೆಲಸದ ಸಾಮಾನನ್ನು ಮಾತ್ರ.

ಕೈ ಫ್ಲೇರ್: ಎರಡು ದರ್ಜೆ, ಅಜಗಜಾಂತರ

ಹೊರಗಿನಿಂದ ಒಂದೇ ಥರ ಕಾಣುವ ಎರಡು ಕೆಂಪು ಕೈ ಫ್ಲೇರ್‌ಗಳಲ್ಲಿ ಒಂದು ಸೋಲಾಸ್ (ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ದರ್ಜೆಯದ್ದು, ಇನ್ನೊಂದು ಅಮೆರಿಕದ ಕನಿಷ್ಠ ದರ್ಜೆಯದ್ದು ಇರಬಹುದು. ಸೋಲಾಸ್ ಫ್ಲೇರ್ ಕನಿಷ್ಠ 15,000 ಕ್ಯಾಂಡೆಲಾ ಬೆಳಕಿನಲ್ಲಿ ಒಂದು ನಿಮಿಷ ಉರಿಯಬೇಕು. 100 ಮಿಲಿಮೀಟರ್ ನೀರಿನಡಿ 10 ಸೆಕೆಂಡು ಮುಳುಗಿಸಿದರೂ ಆರಬಾರದು. ಕನಿಷ್ಠ ದರ್ಜೆಯದ್ದು 500 ಕ್ಯಾಂಡೆಲಾದಲ್ಲಿ ಎರಡು ನಿಮಿಷ ಉರಿದರೆ ಸಾಕು. ಬೆಳಕಿನಲ್ಲಿ ಮೂವತ್ತು ಪಟ್ಟು ಅಂತರ. ಕತ್ತಲಲ್ಲಿ ಎರಡೂ ಕಾಣುತ್ತವೆ, ಬಿಸಿಲಲ್ಲಿ ಚಿಕ್ಕದು ಸ್ವಲ್ಪ ದೂರಕ್ಕೇ ಮಂಕಾಗುತ್ತದೆ. ಹಗಲು ಹೊತ್ತಿಗೆ ಅದನ್ನು ನಂಬಲು ನಮಗೆ ಧೈರ್ಯವಿಲ್ಲ. ಉರಿಯುವ ಹೊತ್ತು ಅರ್ಧವಾದರೂ ಸೋಲಾಸ್ ದರ್ಜೆಯನ್ನೇ ಆರಿಸುತ್ತೇವೆ.

ಇನ್ನೊಂದು ವ್ಯತ್ಯಾಸ ಕೈಗೆ ತಿಳಿಯುತ್ತದೆ. ಅಗ್ಗದ ಫ್ಲೇರ್‌ನಿಂದ ಕೆಂಡದಂಥ ಕರಗಿದ ತುಣುಕುಗಳು ಉದುರುತ್ತವೆ. ರಬ್ಬರ್ ದೋಣಿ ಅಥವಾ ಲೈಫ್ ರಾಫ್ಟ್‌ನಲ್ಲಿ ಅದರ ಒಂದು ಹನಿ ಸಾಕು, ತೂತು ಬೀಳಲು. ಸೋಲಾಸ್ ದರ್ಜೆಯದ್ದು ಹಿಡಿದವರಿಗೂ ರಾಫ್ಟ್‌ಗೂ ಹಾನಿ ಮಾಡದಂತೆ ಇರಬೇಕೆಂದು ನಿಯಮದಲ್ಲೇ ಇದೆ. ಯಾವುದೇ ಆದರೂ ದಪ್ಪ ಕೈಗವಸು ಹಾಕಿ, ಗಾಳಿ ಹೋಗುವ ಕಡೆಯ ಅಂಚಿನಿಂದ ತೋಳು ಪೂರ್ತಿ ಹೊರಚಾಚಿ, ಓರೆಯಾಗಿ ಹಿಡಿದು, ಮುಖ ಬೇರೆ ಕಡೆ ತಿರುಗಿಸಿಕೊಳ್ಳಿ. ಉರಿಯುವ ಫ್ಲೇರ್ ದಿಟ್ಟಿಸಿದರೆ ಮುಂದಿನ ಕೆಲ ನಿಮಿಷ ಕತ್ತಲಲ್ಲಿ ಏನೂ ಕಾಣದು. ಹೊತ್ತಿಸುವ ಬಗೆಯೂ ಒಂದೇ ಅಲ್ಲ. ಕೆಲವದರಲ್ಲಿ ದಾರ ಎಳೆಯಬೇಕು, ಕೆಲವದರಲ್ಲಿ ಮುಚ್ಚಳವನ್ನು ತುದಿಗೆ ಉಜ್ಜಬೇಕು. ಒದ್ದೆ ಕೈಗೆ ಉಜ್ಜುವ ಬಗೆ ಜಾರುತ್ತದೆ, ಹಾಗಾಗಿ ಎಳೆಯುವ ಬಗೆಯೇ ನಮ್ಮ ಆಯ್ಕೆ. ಹೇಗೆ ಹೊತ್ತಿಸುವುದೆಂದು ದಡದಲ್ಲೇ, ಹಗಲಲ್ಲೇ ಓದಿಟ್ಟುಕೊಳ್ಳಿ. ಅಭ್ಯಾಸಕ್ಕೆಂದು ಸುಮ್ಮನೆ ಹೊತ್ತಿಸಬಾರದು. ಅದು ನಿಜವಾದ ಆಪತ್ತಿನ ಕರೆಯಾಗುತ್ತದೆ. ಕೋಸ್ಟ್ ಗಾರ್ಡ್ ಒಪ್ಪಿಗೆ ಪಡೆದು ನಡೆಯುವ ತರಬೇತಿಗಳಲ್ಲಿ ಕೈಯಾರೆ ಹಿಡಿದು ನೋಡಬಹುದು.

ಎಲ್‌ಇಡಿ ದೀಪ ಫ್ಲೇರ್‌ನ ಜಾಗ ತುಂಬುತ್ತದೆಯೇ?

ಅಮೆರಿಕದಲ್ಲಿ ತಾನಾಗಿಯೇ ಎಸ್‌ಒಎಸ್ ಮಿಡಿಯುವ, ಮಾನ್ಯತೆ ಪಡೆದ ವಿದ್ಯುತ್ ದೀಪ ರಾತ್ರಿಯ ಸಂಕೇತವಾಗಿ ನಡೆಯುತ್ತದೆ. ಜೊತೆಗೆ ಕಪ್ಪು ಚೌಕ ಮತ್ತು ಕಪ್ಪು ವೃತ್ತ ಇರುವ ಮೂರು ಅಡಿ ಚೌಕದ ಕಿತ್ತಳೆ ಧ್ವಜ ಇದ್ದರೆ ಹಗಲಿನದ್ದೂ ಆಯಿತು, ಬೆಂಕಿಯೇ ಬೇಕಿಲ್ಲ. ಬಟನ್ ಒತ್ತುತ್ತಾ ಕೈಯಿಂದ ಮಿಡಿಸುವ ಸಾಮಾನ್ಯ ಟಾರ್ಚ್ ಇದಕ್ಕೆ ಲೆಕ್ಕವಿಲ್ಲ.

ದೀಪದ ಬಲ ಅದರ ತಾಳಿಕೆ. ಫ್ಲೇರ್ ನಿಮಿಷಗಳಲ್ಲಿ ಮುಗಿಯುತ್ತದೆ, ದೀಪ ಗಂಟೆಗಟ್ಟಲೆ ಮಿಡಿಯುತ್ತದೆ. ಸುಡುವುದಿಲ್ಲ, ಮಕ್ಕಳ ಕೈಗೂ ಕೊಡಬಹುದು. ಆದರೆ ಬೆಳಕಿನ ತೀವ್ರತೆಯಲ್ಲಿ ಸೋಲಾಸ್ ಫ್ಲೇರ್‌ನ ಹತ್ತಿರಕ್ಕೂ ಬರುವುದಿಲ್ಲ. ಊರಿನ ದೀಪಗಳ ಹಿನ್ನೆಲೆಯಲ್ಲಿ ಬಿಳಿ ಮಿಡಿತ ಕರಗಿಹೋಗುತ್ತದೆ. ಕೆಂಪು ಛಾಯೆಯ ಕಿತ್ತಳೆ ಮತ್ತು ಹಸಿರುನೀಲಿ ಬಣ್ಣಗಳು ಸರದಿಯಲ್ಲಿ ಮಿಡಿಯುವ ಹೊಸ ಎರಡು ಬಣ್ಣದ ದೀಪಗಳು ಈ ವಿಷಯದಲ್ಲಿ ಸ್ಪಷ್ಟವಾಗಿ ಮೇಲು, ಏಕೆಂದರೆ ದಡದಲ್ಲಿ ಆ ಜೋಡಿ ಬಣ್ಣ ಕಾಣಸಿಗುವುದೇ ಅಪರೂಪ. ನಮ್ಮ ತೀರ್ಪು: ದೀಪ ಇರಲಿ, ಅದರ ಜೊತೆ ಸೋಲಾಸ್ ಕೈ ಫ್ಲೇರ್‌ಗಳೂ ಇರಲಿ. ಕತ್ತಲಾದೊಡನೆ ದೀಪ ಹಚ್ಚಿಡಿ. ಹಡಗಿನ ದೀಪ ಕಂಡಾಗ ಅಥವಾ ಹೆಲಿಕಾಪ್ಟರ್ ಸದ್ದು ಕೇಳಿದಾಗ ಮಾತ್ರ ಫ್ಲೇರ್ ತೆಗೆಯಿರಿ.

ಆಕಾಶಕ್ಕೆ ಹಾರುವವು

ಪ್ಯಾರಾಚೂಟ್ ರಾಕೆಟ್ 300 ಮೀಟರ್ ಮೇಲಕ್ಕೆ ಹೋಗಿ, 30,000 ಕ್ಯಾಂಡೆಲಾದಲ್ಲಿ 40 ಸೆಕೆಂಡು ಉರಿಯುತ್ತಾ ಸೆಕೆಂಡಿಗೆ 5 ಮೀಟರ್ ಮೀರದ ವೇಗದಲ್ಲಿ ಇಳಿಯುತ್ತದೆ. ಇವೆಲ್ಲ ಸೋಲಾಸ್‌ನ ಕನಿಷ್ಠ ಅಳತೆಗಳು. ಪಿಸ್ತೂಲಿನಿಂದ ಹಾರಿಸುವ 12 ಗೇಜ್ ಗುಂಡು ಆರೇಳು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಅಷ್ಟು ಎತ್ತರಕ್ಕೂ ಏರುವುದಿಲ್ಲ. ಆ ಹೊತ್ತಿನಲ್ಲಿ ನೋಡುವವರು ಅತ್ತ ತಿರುಗುವಷ್ಟರಲ್ಲಿ ಬೆಳಕು ಮಾಯ. ನಿಯಮಕ್ಕೆ ಎರಡೂ ಸರಿ, ಕೆಲಸಕ್ಕೆ ಎರಡೂ ಸಮವಲ್ಲ.

ಭೂಮಿಯ ಬಾಗು ಇಲ್ಲಿ ಬಲವಾಗಿ ಕೆಲಸ ಮಾಡುತ್ತದೆ. ನೀರಿನಿಂದ 2 ಮೀಟರ್ ಎತ್ತರದಲ್ಲಿ ಹಿಡಿದ ಕೈ ಫ್ಲೇರ್, 4 ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಲೆಕ್ಕದ ಪ್ರಕಾರ 7 ನಾಟಿಕಲ್ ಮೈಲಿನಾಚೆ ಕಾಣುವುದೇ ಇಲ್ಲ. 300 ಮೀಟರ್ ಮೇಲಿನ ರಾಕೆಟ್‌ಗೆ ಆ ಗೆರೆ 35 ನಾಟಿಕಲ್ ಮೈಲಿಗೂ ಆಚೆ ಸರಿಯುತ್ತದೆ, ಮಂಜು ಮುಸುಕು ಅದನ್ನು ತಗ್ಗಿಸಬಹುದಷ್ಟೆ. ಹಾರಿಸುವಾಗ ನೇರ ಮೇಲಕ್ಕೆ ಬೇಡ, ಗಾಳಿ ಹೋಗುವ ಕಡೆಗೆ ಸುಮಾರು 15 ಡಿಗ್ರಿ ಓರೆ ಮಾಡಿ. ರಾಕೆಟ್ ತಾನಾಗಿ ಗಾಳಿಯ ಎದುರಿಗೆ ತಿರುಗಿಕೊಳ್ಳುತ್ತದೆ. ಮೋಡ ತಗ್ಗಿನಲ್ಲಿದ್ದರೆ 45 ಡಿಗ್ರಿಗೆ ಇಳಿಸಿ. ಇಲ್ಲದಿದ್ದರೆ ಬೆಳಕು ಮೋಡದೊಳಗೇ ಉರಿದು ಮುಗಿಯುತ್ತದೆ. ಒಂದರ ಹಿಂದೆ ಬೇಗನೇ ಇನ್ನೊಂದನ್ನು ಹಾರಿಸಿ. ಮೊದಲನೆಯದು ಗಮನ ಸೆಳೆಯುತ್ತದೆ, ಎರಡನೆಯದರಿಂದ ದಿಕ್ಕು ಗುರುತಾಗುತ್ತದೆ. ಹೆಲಿಕಾಪ್ಟರ್ ತಲೆಯ ಮೇಲಿದ್ದಾಗ ಮಾತ್ರ ಹಾರುವ ಯಾವುದನ್ನೂ ಮುಟ್ಟಬೇಡಿ.

ಹಗಲಿಗೆ ಕಿತ್ತಳೆ ಹೊಗೆಯನ್ನು ಮೀರಿಸಿದ್ದು ಕಡಿಮೆ, ಅದರಲ್ಲೂ ಮೇಲಿನಿಂದ ನೋಡುವವರಿಗೆ. ತೇಲುವ ಡಬ್ಬಿ ಕನಿಷ್ಠ 3 ನಿಮಿಷ ಹೊಗೆಯುಗುಳಬೇಕು. ಕೈಯಲ್ಲಿ ಹಿಡಿಯುವುದು ಬಹಳ ಬೇಗ ಮುಗಿಯುತ್ತದೆ. ಗಾಳಿ ಜೋರಾದರೆ ಹೊಗೆ ನೀರಿಗೆ ಅಂಟಿಕೊಂಡು ಹರಡುತ್ತದೆ, ಆಗ ಪಕ್ಕದ ದೋಣಿಯವರಿಗೂ ಸರಿಯಾಗಿ ಕಾಣದು. ಸಂಕೇತ ಕನ್ನಡಿಗೆ ಬಿಸಿಲು ಬೇಕು ಅನ್ನುವುದು ಬಿಟ್ಟರೆ ಬೇರೆ ಕೊರತೆ ಇಲ್ಲ. ನಡುವೆ ನೋಡುವ ತೂತು ಇರುವುದನ್ನೇ ಆರಿಸಿ, ದಾರ ಕಟ್ಟಿ ಜಾಕೆಟ್‌ನಲ್ಲಿಡಿ.

ವಿಎಚ್‌ಎಫ್: ಕೈಯದ್ದೋ, ದೋಣಿಗೆ ಕೂರಿಸಿದ್ದೋ

ಕೂರಿಸಿದ ರೇಡಿಯೊ 25 ವ್ಯಾಟ್, ಕೈ ರೇಡಿಯೊ 5 ಅಥವಾ 6 ವ್ಯಾಟ್. ಈ ಅಂಕಿ ನೋಡಿ ತೀರ್ಮಾನಿಸುವವರೇ ಹೆಚ್ಚು, ಆದರೆ ದೂರವನ್ನು ಮುಖ್ಯವಾಗಿ ಕಟ್ಟಿಹಾಕುವುದು ಆಂಟೆನಾದ ಎತ್ತರ. ಎರಡೂ ಆಂಟೆನಾಗಳ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲ ಕೂಡಿಸಿ 2.25ರಿಂದ ಗುಣಿಸಿದರೆ ನಾಟಿಕಲ್ ಮೈಲಿನಲ್ಲಿ ಅಂದಾಜು ದೂರ ಸಿಗುತ್ತದೆ. ಒಂದು ಮೀಟರ್ ಎತ್ತರದ ಎರಡು ಕೈ ರೇಡಿಯೊಗಳ ನಡುವೆ ನಾಲ್ಕೂವರೆ ಮೈಲು. ಅದೇ 4 ಮೀಟರ್ ಎತ್ತರದ ಎರಡು ಆಂಟೆನಾಗಳ ನಡುವೆ 9 ಮೈಲು.

ಕೂರಿಸಿದ ರೇಡಿಯೊದ ನಿಜವಾದ ಮೇಲುಗೈ ಡಿಎಸ್‌ಸಿ, ಅಂದರೆ ಗುಂಡಿ ಒತ್ತಿದರೆ ತಾನೇ ಹೋಗುವ ಡಿಜಿಟಲ್ ಕರೆ. ಮುಚ್ಚಳದಡಿಯ ಕೆಂಪು ಗುಂಡಿಯನ್ನು ಕೆಲ ಸೆಕೆಂಡು ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ನಿಮ್ಮ ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆ (ದೋಣಿಯ ರೇಡಿಯೊ ಗುರುತು) ಮತ್ತು ಸ್ಥಾನ ಹೊರಟು, ಸುತ್ತಲಿನ ಡಿಎಸ್‌ಸಿ ರೇಡಿಯೊಗಳೆಲ್ಲ ಬಡಿದುಕೊಳ್ಳುತ್ತವೆ. ನಂತರ ಚಾನೆಲ್ 16ರಲ್ಲಿ ಮೇಡೇ ಎಂದು ಮೂರು ಸಲ ಹೇಳಿ, ದೋಣಿಯ ಹೆಸರು, ಸ್ಥಾನ, ಆದ ಅಪಾಯ, ಜನರ ಸಂಖ್ಯೆ ತಿಳಿಸಬೇಕು. ಕೆಡುವುದು ಎರಡು ಕಡೆ. ಎಂಎಂಎಸ್‌ಐ ಹಾಕದೆ ಬಿಟ್ಟರೆ ಕೆಂಪು ಗುಂಡಿ ಕೆಲಸ ಮಾಡದು. ಜಿಪಿಎಸ್ ಜೋಡಿಸದಿದ್ದರೆ ಕರೆ ಹೋಗುತ್ತದೆ, ಆದರೆ ಎಲ್ಲಿಂದ ಎಂದು ತಿಳಿಯುವುದಿಲ್ಲ. ಬ್ಯಾಟರಿಗೆ ನೀರು ನುಗ್ಗಿದರೆ ಅಥವಾ ಪಟಕಂಬ ಮುರಿದರೆ ಕೂರಿಸಿದ ರೇಡಿಯೊ ಮೂಕವಾಗುತ್ತದೆ. ಆ ಗಳಿಗೆಗೆಂದೇ ತೇಲುವ, ಜಿಪಿಎಸ್ ಮತ್ತು ಡಿಎಸ್‌ಸಿ ಇರುವ ಕೈ ರೇಡಿಯೊ ಜಾಕೆಟ್‌ಗೆ ಸಿಕ್ಕಿಸಿರಬೇಕು. ಒಂದನ್ನೇ ಕೊಳ್ಳಲು ಸಾಧ್ಯವಾದರೆ, ಕ್ಯಾಬಿನ್ ಇರುವ ದೋಣಿಗೆ ಕೂರಿಸಿದ್ದು, ಕಯಾಕ್ ಮತ್ತು ತೆರೆದ ಚಿಕ್ಕ ದೋಣಿಗೆ ಕೈಯದ್ದು.

ಇಪರ್ಬ್, ಪಿಎಲ್‌ಬಿ, ಎಐಎಸ್ ಬೀಕನ್, ಉಪಗ್ರಹ ಮೆಸೆಂಜರ್

ದಡ ಮರೆಯಾದ ಮೇಲೆ ಮೊದಲ ಕೆಲಸಕ್ಕೆ 406 ಮೆಗಾಹರ್ಟ್ಸ್ ಬೀಕನ್‌ಗೆ ಸಾಟಿಯಿಲ್ಲ. ಇಪರ್ಬ್ (ದೋಣಿಯ ಬೀಕನ್) ಮತ್ತು ಪಿಎಲ್‌ಬಿ (ಒಬ್ಬರ ಮೈಮೇಲಿರುವ ಬೀಕನ್) ಎರಡೂ ಕಾಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯ ಉಪಗ್ರಹಗಳಿಗೇ ಕೂಗುತ್ತವೆ, ಎರಡಕ್ಕೂ ಚಂದಾ ಇಲ್ಲ. ಇಪರ್ಬ್ ಬ್ಯಾಟರಿ ಕನಿಷ್ಠ 48 ಗಂಟೆ, ಪಿಎಲ್‌ಬಿಯದ್ದು 24 ಗಂಟೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಕೈಯ ಕೆಲಸದಲ್ಲಿದೆ. ಇಪರ್ಬ್ ಆಂಟೆನಾ ಮೇಲೆ ಮಾಡಿ ತಾನೇ ತೇಲುತ್ತದೆ. ಬ್ರಾಕೆಟ್‌ನಿಂದ ಹೊರಬಂದು ನೀರು ತಾಕಿದರೆ ತಾನೇ ಶುರುವಾಗುತ್ತದೆ. ಪಿಎಲ್‌ಬಿಯಲ್ಲಿ ಆಂಟೆನಾ ಬಿಚ್ಚಿ, ಗುಂಡಿ ಒತ್ತಿ, ಆಕಾಶಕ್ಕೆ ತೆರೆದಂತೆ, ನೀರಿನಿಂದ ಮೇಲೆ ಹಿಡಿದೇ ಇರಬೇಕು. ಮರಗಟ್ಟಿದ ಬೆರಳುಗಳಿಗೆ ಇದು ಸುಲಭವಲ್ಲ. ಜಿಪಿಎಸ್ ಭಾಗದ ಮೇಲೆ ಅಂಗೈ ಮುಚ್ಚುವುದು ಬಹಳ ಸಾಮಾನ್ಯವಾದ ತಪ್ಪು. ಹಾಗಾದರೆ ಸ್ಥಾನ ಸಿಗುವುದು ತಡವಾಗುತ್ತದೆ.

ಆದರೂ ದೋಣಿಯಿಂದ ಒಬ್ಬರೇ ಕೆಳಗೆ ಬಿದ್ದರೆ ಇಪರ್ಬ್ ದೋಣಿಯಲ್ಲೇ ಉಳಿಯುತ್ತದೆ, ಪಿಎಲ್‌ಬಿ ಮೈಮೇಲಿರುತ್ತದೆ. ಒಬ್ಬರೇ ಹೋಗುವವರಿಗೆ ಪಿಎಲ್‌ಬಿ ಮೊದಲು, ಸಂಸಾರ ಸಮೇತ ದೂರ ಹೋಗುವ ದೋಣಿಗೆ ಇಪರ್ಬ್ ಮೊದಲು.

ತಾನಾಗಿ ಬಿಡುಗಡೆಯಾಗುವ ಬ್ರಾಕೆಟ್ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಅದರ ಹೈಡ್ರೋಸ್ಟಾಟಿಕ್ (ನೀರಿನ ಒತ್ತಡಕ್ಕೆ ಕೆಲಸ ಮಾಡುವ) ಭಾಗ 1.5ರಿಂದ 4 ಮೀಟರ್ ಆಳದಲ್ಲಿ ಬಿಡಿಸಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಮಗುಚಿಯೂ ಮುಳುಗದೆ ತೇಲುವ ಚಿಕ್ಕ ದೋಣಿಯಲ್ಲಿ ಆ ಆಳವೇ ಸಿಗದಿರಬಹುದು. ಅಂಥ ದೋಣಿಗೆ ಕೈಯಿಂದ ತೆಗೆಯುವ ಬ್ರಾಕೆಟ್ ಸಾಕು, ಹೊರಗೆ ಓಡುವ ದಾರಿಯಲ್ಲಿ ಕೈಗೆ ಸಿಗುವಂತಿರಲಿ.

ನೋಂದಣಿ ಬಿಟ್ಟವರ ಬೀಕನ್ ಕೂಗಿದಾಗ ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಲು ಯಾರೂ ಇರುವುದಿಲ್ಲ. ಅಮೆರಿಕದಲ್ಲಿ ನೋಂದಣಿ ಉಚಿತ, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಬೇರೆ ದೇಶದಲ್ಲಿ ನೋಂದಾಯಿತವಾದ ದೋಣಿಗೆ ಬೀಕನ್ ಕೊಂಡರೆ ದೇಶದ ಸಂಕೇತವನ್ನು ಬದಲಿಸಿಯೇ ಹಾಕಬೇಕು. ಹಳೆಯ, 121.5 ಮೆಗಾಹರ್ಟ್ಸ್ ಮಾತ್ರ ಇರುವ ಬೀಕನ್ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಅದನ್ನು ಆಲಿಸುವುದನ್ನು ನಿಲ್ಲಿಸಿವೆ. ಇಂದಿನ ಬೀಕನ್‌ಗಳಲ್ಲಿ ಆ ತರಂಗ ಹತ್ತಿರ ಬಂದ ರಕ್ಷಕರಿಗೆ ದಿಕ್ಕು ತೋರಿಸಲು ಮಾತ್ರ.

ಎಐಎಸ್ (ಹಡಗು, ದೋಣಿಗಳು ತಮ್ಮ ಜಾಗವನ್ನು ತಾವೇ ತಿಳಿಸುವ ರೇಡಿಯೊ ವ್ಯವಸ್ಥೆ) ಬೀಕನ್ ಉಪಗ್ರಹಕ್ಕೆ ಕೂಗುವುದಲ್ಲ. ಕೆಲವೇ ಮೈಲಿನೊಳಗಿನ ದೋಣಿಗಳ ಪರದೆ ಮೇಲೆ 972ರಿಂದ ಶುರುವಾಗುವ ಸಂಖ್ಯೆಯೊಂದಿಗೆ ಬಿದ್ದವರ ಜಾಗ ತೋರಿಸುತ್ತದೆ. ಬಿದ್ದವರನ್ನು ಬೇಗ ಎತ್ತಬಲ್ಲವರು ಅವರದ್ದೇ ದೋಣಿಯವರು, ಅವರಿಗೆ ಇದಕ್ಕಿಂತ ಒಳ್ಳೆಯ ಸಹಾಯವಿಲ್ಲ. ಉಪಗ್ರಹದ ಕರೆ, ಎಐಎಸ್ ಎರಡನ್ನೂ ಒಂದರಲ್ಲೇ ಸೇರಿಸಿದ ಪಿಎಲ್‌ಬಿಗಳು ಈಗ ಇವೆ, ಸಿಕ್ಕರೆ ಅದೇ ಇರಲಿ. ಉಪಗ್ರಹ ಮೆಸೆಂಜರ್‌ನ ಒಂದೇ ದೊಡ್ಡ ಗುಣ ಎರಡೂ ಕಡೆಯ ಮಾತುಕತೆ: ನೀರು ನಿಧಾನ ಸೇರುತ್ತಿದೆ, ಮೂವರಿದ್ದೇವೆ ಎಂದು ಬರೆದು ತಿಳಿಸಬಹುದು. ಚಂದಾ ತಪ್ಪಿದರೆ, ಚಾರ್ಜ್ ಮುಗಿದರೆ ಅದು ಸತ್ತಂತೆ. 121.5ರ ದಿಕ್ಕು ತೋರಿಸುವ ಸದ್ದೂ ಅದರಲ್ಲಿಲ್ಲ. ಬೀಕನ್ ಇದ್ದ ಮೇಲೆ ಇದು ಹೆಚ್ಚುವರಿ.

ಲೈಫ್ ಜಾಕೆಟ್: ಫೋಮ್ ಅಥವಾ ಗಾಳಿ ತುಂಬುವುದು

ಫೋಮ್ ಜಾಕೆಟ್ ಯಾವಾಗಲೂ ತೇಲಿಸುತ್ತದೆ, ಸರ್ವಿಸ್ ಕೇಳುವುದಿಲ್ಲ. ಸೆಕೆ, ದಪ್ಪ ಎಂದು ಜನ ಕಳಚಿಡುತ್ತಾರೆ. ಗಾಳಿ ತುಂಬುವ ಜಾಕೆಟ್ ಮೈಮೇಲಿರುವುದೇ ಗೊತ್ತಾಗದು, 150 ನ್ಯೂಟನ್ ತೇಲುಬಲ ಕೊಡುತ್ತದೆ. ಆದರೆ ಆರೈಕೆ ಬಿಟ್ಟರೆ ಅದು ಬರೀ ಬಟ್ಟೆ. ತಾನಾಗಿ ಉಬ್ಬುವುದರಲ್ಲಿ ಎರಡು ಬಗೆ. ಕರಗುವ ಮಾತ್ರೆಯದ್ದು ತೇವ, ತುಂತುರು ತಾಕಿಯೂ ಸಿಡಿಯಬಹುದು. ಹೈಡ್ರೋಸ್ಟಾಟಿಕ್ ಬಗೆಗೆ ನೀರಿನ ಒತ್ತಡವೇ ಬೇಕು, ಹಾಗಾಗಿ ಅಲೆ ಎರಚುವ ಡೆಕ್‌ಗೆ ಅದು ಸರಿ. ಮಗುಚುವ ಸಾಧ್ಯತೆ ಹೆಚ್ಚಿರುವ ಪುಟ್ಟ ದೋಣಿಗೆ ಎರಡೂ ಬೇಡ, ಉಬ್ಬಿದ ಜಾಕೆಟ್ ಮಗುಚಿದ ದೋಣಿಯ ಅಡಿಯಲ್ಲೇ ಸಿಕ್ಕಿಸಿಬಿಡುತ್ತದೆ. ಅಲ್ಲಿ ಫೋಮ್. ಹದಿನಾರರೊಳಗಿನ ಮಕ್ಕಳಿಗೂ ಫೋಮೇ ಇರಲಿ.

ಗಾಳಿ ತುಂಬುವ ಜಾಕೆಟ್‌ನ ಪರೀಕ್ಷೆ ಹೀಗೆ. ಅದನ್ನು ಉಬ್ಬಿಸುವ ಅನಿಲದ ಸಿಲಿಂಡರ್ ಬಿಚ್ಚಿ ತೂಗಿ, ಅದರ ಮೇಲೆ ಅಚ್ಚಾದ ಪೂರ್ಣ ತೂಕಕ್ಕೆ ಹೋಲಿಸಿ. 150 ನ್ಯೂಟನ್‌ನದ್ದರಲ್ಲಿ ಸಾಮಾನ್ಯವಾಗಿ 33 ಗ್ರಾಂ ಅನಿಲ ಇರುತ್ತದೆ, ಖಾಲಿಯಾಗಿದ್ದರೆ ತಕ್ಕಡಿಯಲ್ಲೇ ಗೊತ್ತಾಗುತ್ತದೆ. ಬಾಯಿ ಕೊಳವೆಯಿಂದ ಗಾಳಿ ತುಂಬಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೆತ್ತಗಾಗಿದ್ದರೆ ಸೋರುತ್ತಿದೆ. ಸಿಲಿಂಡರನ್ನು ಕೈಯಿಂದ ಬಿಗಿಯಾಗಿ ತಿರುಗಿಸಿ ಕೂರಿಸಿ. ದೋಣಿಯ ಅದುರುವಿಕೆಗೆ ಅದು ಸಡಿಲಾಗುವುದು ತೀರಾ ಸಾಮಾನ್ಯ, ಸಡಿಲಾದರೆ ಸೂಜಿ ಚುಚ್ಚಿದರೂ ಅನಿಲ ಪೂರ್ತಿ ಒಳಗೆ ಹೋಗದು. ತೊಡೆಸಂದಿನ ಪಟ್ಟಿ ಇಲ್ಲದ ಜಾಕೆಟ್ ನೀರಿನಲ್ಲಿ ಕಿವಿಯವರೆಗೆ ಏರುತ್ತದೆ, ಮುಖ ನೀರಿಗಿಳಿಯುತ್ತದೆ. ಪಟ್ಟಿ ಜಾಕೆಟ್ ಜೊತೆ ಬರದಿದ್ದರೆ ಬೇರೆ ಕೊಂಡು ಹಾಕಿ.

ಬೆಂಕಿ ಆರಿಸುವ ಸಾಧನದ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಅಮೆರಿಕದಲ್ಲಿ 2022ರ ಏಪ್ರಿಲ್ 20ರಿಂದ, ಒಮ್ಮೆ ಮಾತ್ರ ಬಳಸುವ ಡಬ್ಬಿಗೆ ತಯಾರಾದ ದಿನದಿಂದ 12 ವರ್ಷದ ಗಡುವಿದೆ. ವರ್ಷ ಡಬ್ಬಿಯ ತಳದಲ್ಲಿ ಬರಿಯ ಎರಡು ಅಂಕಿಯಾಗಿ ಒತ್ತಿರಬಹುದು, ತಿರುಗಿಸಿ ನೋಡಿ. ಎಂಜಿನ್ ಪೆಟ್ಟಿಗೆಯ ಒಳಗೆ ತೂಗುಹಾಕಬೇಡಿ. ಬೆಂಕಿ ಹತ್ತುವುದು ಅಲ್ಲೇ. ಚುಕ್ಕಾಣಿ ಹಿಡಿದವರ ಕೈಗೆಟುಕುವಲ್ಲಿ ಕೂರಿಸಿ.