ಮಂಡ್ಯದಲ್ಲಿ ಲಯನ್ಸ್ ಕ್ಲಬ್ ಸದಸ್ಯತ್ವ: ಕೊಟ್ಟ ಹಣಕ್ಕೆ ಏನು ಸಿಗುತ್ತದೆ?

ವರ್ಷಕ್ಕೆ ಸುಮಾರು 8,000 ರೂಪಾಯಿ ಚಂದಾ, ಸೇರುವಾಗ ಪ್ರವೇಶ ಶುಲ್ಕ ಬೇರೆ, ತಿಂಗಳಿಗೆ ಎರಡು ಸಭೆ, ಆಗಾಗ ಭಾನುವಾರಗಳೂ ಹೋಗುತ್ತವೆ. ಇಷ್ಟಕ್ಕೆ ಏನು ಸಿಗುತ್ತದೆ ಎಂದು ನನ್ನನ್ನು ಕೇಳದವರು ಕಡಿಮೆ. ಮಂಡ್ಯದ ನೂರಡಿ ರಸ್ತೆಯ ಹಿಂದಿನ ಬೀದಿಯಲ್ಲಿ ನನ್ನದೊಂದು ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ತಿಥಿಯ ಕಾರ್ಡುಗಳ ಜೊತೆಗೆ ಊರಿನ ಸಂಘ ಸಂಸ್ಥೆಗಳ ಆಹ್ವಾನ ಪತ್ರಿಕೆಗಳನ್ನೂ ಅಚ್ಚು ಹಾಕಿಕೊಡುತ್ತೇನೆ. ಯಾವ ಸಂಸ್ಥೆ ಸೇವೆಗೆ ಎಷ್ಟು ಖರ್ಚು ಮಾಡುತ್ತದೆ, ಫ್ಲೆಕ್ಸಿಗೆ ಎಷ್ಟು ಸುರಿಯುತ್ತದೆ ಎಂಬುದು ಮುದ್ರಕರಿಗೆ ಗೊತ್ತಾದಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ. ಮೊದಲು ಹೊರಗಿನಿಂದ ನೋಡಿದೆ, ಈಗ ಕೆಲವು ವರ್ಷಗಳಿಂದ ಸದಸ್ಯೆಯಾಗಿ ಒಳಗಿನಿಂದ ನೋಡುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಟ್ಟ ಹಣ ಸಾರ್ಥಕ. ಆದರೆ ಕ್ಲಬ್ ಆರಿಸಿಕೊಳ್ಳುವಾಗ ಶಿಬಿರದ ಫೋಟೋ ನೋಡಬೇಡಿ. ಶಿಬಿರ ಮುಗಿದ ಮೇಲೆ ಆ ಹಳ್ಳಿಗೆ ಮತ್ತೆ ಹೋದವರು ಯಾರು ಎಂದು ಕೇಳಿ.

ಲಯನ್ಸ್ ಎಂದರೆ ನಮ್ಮ ಕಡೆ ಕಣ್ಣಿನ ಶಿಬಿರ ಎಂದೇ ಅರ್ಥ. ಅದಕ್ಕೊಂದು ಹಿನ್ನೆಲೆಯಿದೆ. ಶಿಕಾಗೋದಲ್ಲಿ ವಿಮಾ ವ್ಯವಹಾರ ನಡೆಸುತ್ತಿದ್ದ ಮೆಲ್ವಿನ್ ಜೋನ್ಸ್ ಅವರಿಗೆ, ವರ್ತಕರ ಕೂಟಗಳು ತಮ್ಮ ಸದಸ್ಯರ ಲಾಭವನ್ನಷ್ಟೇ ನೋಡಿಕೊಂಡರೆ ಸಾಲದು, ಊರಿಗೂ ಕೈಹಿಡಿಯಬೇಕು ಅನ್ನಿಸಿತು. 1917ರಲ್ಲಿ ಹಲವು ಕೂಟಗಳನ್ನು ಒಟ್ಟಿಗೆ ಕರೆದರು, ಲಯನ್ಸ್ ಎಂಬ ಸೇವಾ ಸಂಸ್ಥೆ ಹುಟ್ಟಿದ್ದು ಹೀಗೆ. ಅದೇ ಅಕ್ಟೋಬರಿನಲ್ಲಿ ಡಲ್ಲಾಸ್‌ನಲ್ಲಿ ಮೊದಲ ಸಮಾವೇಶ ನಡೆಯಿತು. 1925ರಲ್ಲಿ ಓಹಿಯೋದ ಸೀಡರ್ ಪಾಯಿಂಟ್‌ನ ಸಮಾವೇಶಕ್ಕೆ ಬಂದ, ದೃಷ್ಟಿಯೂ ಶ್ರವಣವೂ ಇಲ್ಲದ ಅಮೆರಿಕದ ಲೇಖಕಿ ಹೆಲೆನ್ ಕೆಲರ್, ಕತ್ತಲೆಯ ವಿರುದ್ಧ ಅಂಧರ ಪರವಾಗಿ ಹೋರಾಡಿ ಎಂದು ಕೇಳಿಕೊಂಡರು. ಅಂದು ಒಪ್ಪಿಕೊಂಡ ಕೆಲಸವನ್ನು ಸಂಸ್ಥೆ ಇಂದಿಗೂ ಬಿಟ್ಟಿಲ್ಲ. ಭಾರತಕ್ಕೆ 1956ರಲ್ಲಿ ಮುಂಬಯಿಯ ಮೂಲಕ ಬಂತು. ಹೆಂಗಸರಿಗೆ ಮಾತ್ರ 1987ರವರೆಗೆ ಸದಸ್ಯತ್ವವೇ ಇರಲಿಲ್ಲ. ಸದಸ್ಯರ ಹೆಂಡತಿಯರನ್ನು ‘ಲಯನ್ ಲೇಡಿ’ ಎಂದು ಕರೆಯುತ್ತಿದ್ದರು. ನಾನು ನನ್ನದೇ ಹೆಸರಿನಲ್ಲಿ, ನನ್ನದೇ ದುಡಿಮೆಯ ಹಣ ಕಟ್ಟಿ ಸೇರಿದವಳು. ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಈಗ ಶಿಬಿರದ ವಿಷಯ. ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಭಾನುವಾರ ಬೆಳಿಗ್ಗೆ ಶಾಲೆಯ ಕೊಠಡಿಗಳನ್ನು ತೆರೆಸುತ್ತೇವೆ. ಹಿಂದಿನ ವಾರವೇ ಆಟೋದಲ್ಲಿ ಪ್ರಚಾರ ಆಗಿರುತ್ತದೆ. ಒಂದು ಕೊಠಡಿಯಲ್ಲಿ ಹೆಸರು ನೋಂದಣಿ, ಪಕ್ಕದಲ್ಲಿ ಅಕ್ಷರದ ಹಲಗೆ, ಆಮೇಲೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ, ಕೊನೆಗೆ ಕಣ್ಣಿನ ವೈದ್ಯರು. ಪೊರೆ ಬಲಿತಿದೆ ಎಂದು ಕಂಡವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಶಸ್ತ್ರಚಿಕಿತ್ಸೆ ಮಾಡಿಸಿ, ಮಸೂರ ಹಾಕಿಸಿ, ಕಪ್ಪು ಕನ್ನಡಕದೊಂದಿಗೆ ಊರಿಗೆ ಬಿಡುತ್ತೇವೆ. ರೋಗಿಗೆ ಒಂದು ಪೈಸೆಯ ಖರ್ಚಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬರುವುದು ಇಷ್ಟೇ.

ನನ್ನ ಪ್ರಕಾರ ನಿಜವಾದ ಕೆಲಸ ಆ ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜಿ ಮನೆ ಸೇರಿದ ಮೇಲೆ ಶುರುವಾಗುತ್ತದೆ. ಹನಿ ಔಷಧಿಯನ್ನು ಮೊದಲ ವಾರ ದಿನಕ್ಕೆ ಹಲವು ಸಲ ಹಾಕಬೇಕು, ಮುಂದೆ ವೈದ್ಯರು ಹೇಳಿದಂತೆ ವಾರವಾರಕ್ಕೆ ಕಡಿಮೆ ಮಾಡುತ್ತಾ ಹೋಗಬೇಕು. ಮಗ ಬೆಂಗಳೂರಿನಲ್ಲಿ, ಸೊಸೆ ಬೆಳಗಾದರೆ ಗದ್ದೆಗೆ. ಹನಿ ಹಾಕುವವರು ಯಾರು? ಒಮ್ಮೆ ಮರುಭೇಟಿಗೆ ಹೋದಾಗ ಸೀಲು ಒಡೆಯದ ಔಷಧಿ ಬಾಟಲಿಯನ್ನು ದೇವರ ಗೂಡಿನಲ್ಲಿ ಭದ್ರವಾಗಿ ಇಟ್ಟಿದ್ದನ್ನು ಕಂಡೆ. ಅಂದಿನಿಂದ ನಾನೊಂದು ಕಾರ್ಡು ಅಚ್ಚು ಹಾಕಿಸುತ್ತಿದ್ದೇನೆ. ಅದರಲ್ಲಿ ಓದುವ ಅಕ್ಷರಗಳು ಕಡಿಮೆ: ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ, ಚಂದ್ರ. ಪ್ರತಿ ಚಿತ್ರದ ಕೆಳಗೆ ಖಾಲಿ ಚೌಕ. ಹನಿ ಹಾಕಿದಾಗಲೆಲ್ಲ ಇದ್ದಿಲಿನಿಂದಲೋ ಕುಂಕುಮದಿಂದಲೋ ಒಂದು ಗುರುತು ಹಾಕಿದರಾಯಿತು. ಪಕ್ಕದ ಮನೆಯ ಶಾಲೆಯ ಹುಡುಗಿಯೊಬ್ಬಳನ್ನು ಗೊತ್ತು ಮಾಡಿ ಅವಳ ಕೈಗೆ ಈ ಕಾರ್ಡು ಕೊಡುತ್ತೇವೆ. ಇಷ್ಟು ವರ್ಷ ಮುದ್ರಣದ ಕೆಲಸ ಮಾಡಿದ್ದೇನೆ, ಇಷ್ಟು ತೃಪ್ತಿ ಕೊಟ್ಟ ಕಾಗದ ಇನ್ನೊಂದಿಲ್ಲ.

ಆಲೆಮನೆಯಲ್ಲಿ ದುಡಿಯುವವರದು ಬೇರೆಯೇ ಕಷ್ಟ. ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಾ ಬೆಂಕಿಯ ಎದುರು ಕೂರುವ ಕೆಲಸ. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಹೊಗೆ, ಧೂಳು, ಬೆವರು ಯಾವುದೂ ತಾಕಬಾರದು, ಭಾರವನ್ನೂ ಎತ್ತಬಾರದು. ಕೂಲಿ ಬಿಟ್ಟರೆ ಒಲೆ ಉರಿಯದ ಮನೆಗೆ ಇದನ್ನು ಹೇಗೆ ಹೇಳುವುದು? ನಮ್ಮ ಕ್ಲಬ್ಬಿನ ವಕೀಲರೊಬ್ಬರು ಆಲೆಮನೆಯ ಯಜಮಾನರ ಬಳಿ ಹೋಗಿ ಕೂತು ಮಾತನಾಡಿ, ಆ ಹಿರಿಯರಿಗೆ ಒಂದು ತಿಂಗಳು ಅಚ್ಚು ಬೆಲ್ಲ ಲೆಕ್ಕ ಹಾಕುವ ಕೆಲಸ ಕೊಡಿಸಿದರು. ಕೂಲಿಯೂ ಕಡಿತವಾಗಲಿಲ್ಲ. ಇದಕ್ಕೆ ಯಾವ ರಸೀದಿಯೂ ಇಲ್ಲ, ವರದಿಯಲ್ಲಿ ಬರೆಯಲು ಅಂಕಣವೂ ಇಲ್ಲ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದು ಶಿಬಿರದಿಂದ ವಾಪಸ್ ಕಳಿಸಿದವರನ್ನು ಕೂಡ ಮರೆಯಬಾರದು. ಅವರು ಮಾತ್ರೆ ನುಂಗಿ ಸಕ್ಕರೆ ಇಳಿಸಿಕೊಂಡು ಮತ್ತೆ ಬರಬೇಕು. ತಾವಾಗಿ ಬರುವುದಿಲ್ಲ, ‘ನನಗೆ ಆಗುವುದಿಲ್ಲ ಅಂದರು’ ಎಂದುಕೊಂಡು ಮೂಲೆ ಸೇರಿಬಿಡುತ್ತಾರೆ. ನಮ್ಮಲ್ಲಿ ರಸಗೊಬ್ಬರದ ಅಂಗಡಿಯವರೊಬ್ಬರಿದ್ದಾರೆ. ಯೂರಿಯಾ ಕೊಳ್ಳಲು ಬರುವ ರೈತರ ಬಳಿ ಅವರವರ ಊರಿನ ಇಂಥ ಹೆಸರುಗಳ ಚೀಟಿ ಕೊಟ್ಟು ವಿಚಾರಿಸುತ್ತಾರೆ. ಒಂದು ತಿಂಗಳ ನಂತರ ಓದುವ ಕನ್ನಡಕ ತಲುಪಿಸುವುದೂ ಇದೇ ಸರಣಿಯ ಕೆಲಸ. ಈ ಶಿಬಿರಗಳಲ್ಲಿ ಹಾಕುವ ಮಸೂರ ದೂರದ್ದನ್ನು ಕಾಣಿಸುತ್ತದೆ. ಅಕ್ಕಿ ಆರಿಸಲು, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಾಗುತ್ತದೆ. ಒಬ್ಬರೇ ದಾನಿ ಒಂದು ಲಕ್ಷದ ಚೆಕ್ ಬರೆದುಕೊಡಬಹುದು, ಅದು ದೊಡ್ಡದೇ. ಆದರೆ ಆರು ವಾರ ಒಂದು ಹಳ್ಳಿಯನ್ನು ಬೆನ್ನು ಬಿಡದೆ ವಿಚಾರಿಸಲು ಒಬ್ಬರಿಂದ ಆಗುವುದಿಲ್ಲ. ನನಗೆ ಮುಹೂರ್ತದ ಕೆಲಸವಿದ್ದ ದಿನ ದಂತವೈದ್ಯೆ ಹೋಗುತ್ತಾರೆ, ಅವರಿಗೆ ರೋಗಿಗಳಿದ್ದಾಗ ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರು ಹೋಗುತ್ತಾರೆ. ಒಬ್ಬರ ಅಂಗಡಿ ಬಾಗಿಲು ಹಾಕುವ ಹೊತ್ತು ಇನ್ನೊಬ್ಬರಿಗೆ ಗೊತ್ತಿರುವಷ್ಟು ಬಳಕೆ ಇದ್ದರೆ ಮಾತ್ರ ಇದು ನಡೆಯುತ್ತದೆ. ಕ್ಲಬ್ಬಿನಲ್ಲಿ ಸ್ನೇಹ ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದು.

ನೇತ್ರದಾನದಲ್ಲಂತೂ ಇದು ಇನ್ನೂ ಸ್ಪಷ್ಟ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡು, ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತೆಂದು ತಿಳಿದ ಮೇಲೆ ಹೆಸರು ಬರೆಸಲು ಜನ ತಾವಾಗಿ ಬಂದರು. ವಾಗ್ದಾನ ಪತ್ರಗಳನ್ನು ಕಟ್ಟುಗಟ್ಟಲೆ ಅಚ್ಚು ಹಾಕಿದೆ. ಆದರೆ ಪತ್ರಕ್ಕೆ ಸಹಿ ಹಾಕಿದವರು ತೀರಿಕೊಂಡ ದಿನ ಫೋನ್ ಮಾಡಬೇಕಾದವರು ಮನೆಯವರು. ಆರು ಗಂಟೆಗಳೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಿ, ತಲೆಯ ಕೆಳಗೆ ದಿಂಬು ಇಟ್ಟಿರಬೇಕು. ಅಳುವ ಮನೆಯಲ್ಲಿ ಇದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ತೆಗೆಯುವುದು ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಅಥವಾ ಕಣ್ಣುಗುಡ್ಡೆಯನ್ನಷ್ಟೇ, ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಮುಖ ವಿಕಾರವಾಗುವುದಿಲ್ಲ ಎಂದು ಹಿರಿಯರಿಗೆ ಬಿಡಿಸಿ ಹೇಳುವವರೂ ಬೇಕು. ನಮ್ಮ ಸದಸ್ಯರಲ್ಲಿ ಇಬ್ಬರು ಇದಕ್ಕಾಗಿಯೇ ಮೊಬೈಲನ್ನು ರಾತ್ರಿ ಮೌನಕ್ಕೆ ಹಾಕುವುದಿಲ್ಲ. ನಡುರಾತ್ರಿ ಸ್ಕೂಟರ್ ಏರಿ ಸಾವಿನ ಮನೆಗೆ ಹೋಗಿ, ನೇತ್ರಬ್ಯಾಂಕಿನವರು ಬರುವವರೆಗೂ ಅಂಗಳದಲ್ಲಿ ನಿಂತಿರುತ್ತಾರೆ.

ಸಭೆಗಳ ಬಗ್ಗೆ ಎರಡು ಮಾತು. ಗಂಟೆ ಬಾರಿಸಿ ಆರಂಭ, ಧ್ವಜವಂದನೆ, ಹಿಂದಿನ ಸಭೆಯ ವರದಿ, ಮುಂದಿನ ಕಾರ್ಯಕ್ರಮದ ಹಂಚಿಕೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಪದ್ಧತಿ ಟೇಲ್ ಟ್ವಿಸ್ಟರ್ ಎಂಬ ಹುದ್ದೆ. ಲಯನ್ಸ್ ಲಾಂಛನದ ಪಿನ್ ಧರಿಸದೆ ಬಂದವರಿಗೆ, ಹುಟ್ಟುಹಬ್ಬವನ್ನು ಹೇಳದೆ ಮುಚ್ಚಿಟ್ಟವರಿಗೆ ಸಣ್ಣ ದಂಡ ಹಾಕುವುದು ಇವರ ಕೆಲಸ. ಅವರ ತೀರ್ಪಿಗೆ ಮೇಲ್ಮನವಿ ಇಲ್ಲ. ಅವರಿಗೇ ದಂಡ ಹಾಕಬೇಕಾದರೆ ಹಾಜರಿರುವ ಪ್ರತಿಯೊಬ್ಬರೂ ಒಪ್ಪಬೇಕು. ಐವತ್ತೋ ನೂರೋ ಕೊಡುವಾಗ ಕೋಣೆಯಲ್ಲಿ ಏಳುವ ನಗು, ಗಂಭೀರವಾಗಿ ಕುಳಿತ ಹೊಸಬರನ್ನು ಹಗುರಗೊಳಿಸುತ್ತದೆ. ಇನ್ನೊಂದು ನಿಯಮಕ್ಕೆ ನಾನು ಕೈಮುಗಿಯುತ್ತೇನೆ: ಪಕ್ಷ ರಾಜಕೀಯವನ್ನೂ ಮತಧರ್ಮದ ವಾದವನ್ನೂ ಸದಸ್ಯರು ಕ್ಲಬ್ಬಿನಲ್ಲಿ ಚರ್ಚಿಸುವಂತಿಲ್ಲ. ಟೀ ಅಂಗಡಿಯಿಂದ ಹಿಡಿದು ಬೀಗರೂಟದವರೆಗೆ ರಾಜಕೀಯವೇ ಮಾತಾಗಿರುವ ನಮ್ಮ ಜಿಲ್ಲೆಯಲ್ಲಿ, ಬೇರೆ ಬೇರೆ ಪಕ್ಷದವರು ಒಂದೇ ಸಾಲಿನಲ್ಲಿ ಕೂತು ಮುದ್ದೆ, ಬಸ್ಸಾರು ಉಣ್ಣುತ್ತಾ ಮುಂದಿನ ಭಾನುವಾರದ ಬಸ್ಸಿನ ಡೀಸೆಲ್ ಬಗ್ಗೆ ಮಾತನಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಮಾವನವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದು ಮದುವೆಯ ಕಾಲದ ನಡುಮಧ್ಯದಲ್ಲಿ. ಲಗ್ನಪತ್ರಿಕೆಗಳ ಕೆಲಸ ತುಂಬಿತ್ತು, ತಾರೀಖು ಮುಂದೂಡುವ ವ್ಯವಹಾರ ಅದಲ್ಲ. ಹಾರ್ಡ್‌ವೇರ್ ಅಂಗಡಿಯ ಸ್ನೇಹಿತರು ತಮ್ಮ ಮಗನನ್ನು ತಮ್ಮ ಗಲ್ಲಾದಲ್ಲಿ ಕೂರಿಸಿ, ಬಂದು ನನ್ನ ಗಲ್ಲಾದಲ್ಲಿ ಕುಳಿತರು. ಪ್ರೂಫ್ ತಿದ್ದಿದವರು ದಂತವೈದ್ಯೆ. ವಧುವಿನ ಅಜ್ಜಿಯ ಹೆಸರು ಬಿಟ್ಟುಹೋಗಿದ್ದನ್ನು ಅವರೇ ಹಿಡಿದರು. ರಕ್ತ ಬೇಕಾದಾಗ ಮಂಡ್ಯದಿಂದ ರೈಲು ಹತ್ತಿ ಬಂದು ಕೊಟ್ಟವರಲ್ಲಿ ಇಬ್ಬರನ್ನು ಸಭೆಯಲ್ಲಿ ನಾನು ಸರಿಯಾಗಿ ಮಾತನಾಡಿಸಿಯೂ ಇರಲಿಲ್ಲ. ಮಾವನವರು ಉಳಿಯಲಿಲ್ಲ. ಹನ್ನೊಂದನೆಯ ದಿನ ಬಡಿಸಲು ನಿಂತವರಲ್ಲಿ ಬಂಧುಗಳೆಷ್ಟು, ಕ್ಲಬ್ಬಿನವರೆಷ್ಟು ಎಂದು ಬೇರ್ಪಡಿಸಿ ಹೇಳಲಾಗದಂತೆ ಎಲ್ಲರೂ ಬೆರೆತಿದ್ದರು.

ಹಣದ ಲೆಕ್ಕ ಕೇಳುವುದಕ್ಕೆ ಸಂಕೋಚಪಡಬೇಡಿ. ಲಯನ್ಸ್‌ನಲ್ಲಿ ಎರಡು ಲೆಕ್ಕಗಳು ಬೇರೆ ಬೇರೆಯಾಗಿರಬೇಕು. ಸದಸ್ಯರ ಚಂದಾ ಆಡಳಿತದ ಖರ್ಚಿಗೆ; ಸಾರ್ವಜನಿಕರಿಂದ ಎತ್ತಿದ ಹಣ ಪೂರ್ತಿಯಾಗಿ ಸಾರ್ವಜನಿಕರಿಗೇ ಹೋಗಬೇಕು, ಅದರಿಂದ ಊಟ, ಹಾರ, ಫ್ಲೆಕ್ಸ್ ಕೂಡದು. ಸೇರುವ ಮೊದಲು ಖಜಾಂಚಿಯ ಬಳಿ ಎರಡೂ ಪುಸ್ತಕ ತೋರಿಸಿ ಎನ್ನಿ. ನಗುತ್ತಾ ತೆಗೆದುಕೊಟ್ಟರೆ ಅದು ಒಳ್ಳೆಯ ಕ್ಲಬ್. ತೆರಿಗೆ ವಿಷಯವನ್ನೂ ತಿಳಿದಿರಿ: ಸದಸ್ಯತ್ವದ ಚಂದಾ ದಾನವಲ್ಲ. ಆದಾಯ ತೆರಿಗೆ ಇಲಾಖೆಯ ಮಾನ್ಯತೆ (80ಜಿ ಎಂದೇ ಪರಿಚಿತ) ಇರುವ ಟ್ರಸ್ಟಿಗೆ ಕೊಟ್ಟ ದೇಣಿಗೆಗೆ ಮಾತ್ರ ವಿನಾಯಿತಿ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಅದಕ್ಕೂ ಇಲ್ಲ.

ಹಿಡಿಸದ ಸಂಗತಿಗಳೂ ಇವೆ. ಆರೂವರೆಯ ಸಭೆ ಏಳೂಕಾಲಿಗೆ ಶುರುವಾಗುತ್ತದೆ. ವೇದಿಕೆಯ ಮೇಲಿನವರೆಲ್ಲರಿಗೂ ಶಾಲು, ಹಾರ, ಮೈಸೂರು ಪೇಟ ತೊಡಿಸುವಷ್ಟರಲ್ಲಿ ಹಳ್ಳಿಗೆ ಹಿಂತಿರುಗಬೇಕಾದವರ ಕೊನೆಯ ಬಸ್ ಹೋಗಿರುತ್ತದೆ. ಲಯನ್ಸ್‌ನ ಅಂತರರಾಷ್ಟ್ರೀಯ ಪ್ರತಿಷ್ಠಾನಕ್ಕೆ 1,000 ಡಾಲರ್ ಕೊಟ್ಟವರಿಗೆ ಮೆಲ್ವಿನ್ ಜೋನ್ಸ್ ಫೆಲೋ ಎಂಬ ಗೌರವವಿದೆ. ಕೊಡಬಲ್ಲವರು ಕೊಡಲಿ, ಅದರಿಂದ ದೂರದ ದೇಶಗಳಲ್ಲೂ ಕೆಲಸ ನಡೆಯುತ್ತದೆ. ಆದರೆ ಕೊಡಲಾಗದ ಸದಸ್ಯ ಹಿಂದಿನ ಸಾಲಿನಲ್ಲಿ ಕೂರುವಂತೆ ಆಗಬಾರದು. ನಮ್ಮಲ್ಲಿ ಅತಿ ಹೆಚ್ಚು ಮರುಭೇಟಿ ಮಾಡುವವರು ಒಬ್ಬ ಟೈಲರ್. ಅವರಿಗೆ ವೇದಿಕೆಯ ಮೇಲೆ ಕುರ್ಚಿ ಸಿಗಬೇಕೆಂದು ನಾನು ಪ್ರತಿ ವರ್ಷ ಎದ್ದು ನಿಂತು ಹೇಳುತ್ತೇನೆ, ಮುಂದೆಯೂ ಹೇಳುತ್ತೇನೆ. ಶಿಬಿರದಲ್ಲಿ ಕಣ್ಣಿಗೆ ಬ್ಯಾಂಡೇಜ್ ಕಟ್ಟಿಕೊಂಡ ಮುದುಕಿಯರನ್ನು ಬ್ಯಾನರ್ ಹಿಂದೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವುದನ್ನೂ ಒಪ್ಪಲಾರೆ. ನಮ್ಮಲ್ಲಿ ಜಗಳವಾಡಿ ಅದನ್ನು ನಿಲ್ಲಿಸಿದ್ದೇವೆ.

ವ್ಯಾಪಾರಕ್ಕೆ ಗಿರಾಕಿ ಸಿಗುತ್ತಾರೆಂದು ಸೇರುವುದಾದರೆ ಬೇಡ; ಬೇಗ ಬೇಸರವಾಗುತ್ತದೆ. ಚಂದಾ ಕಟ್ಟಬಲ್ಲೆ, ಸಮಯ ಕೊಡಲಾರೆ ಎನ್ನುವವರು ಅದೇ ಹಣವನ್ನು ನೇರವಾಗಿ ಒಂದು ಶಿಬಿರದ ಬಸ್ ಬಾಡಿಗೆಗೆ ಕೊಡಲಿ, ಹೆಚ್ಚು ಉಪಯೋಗವಾದೀತು. ತಿಂಗಳಿಗೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳುವೆ ಎನ್ನುವವರು ಖಂಡಿತ ಬನ್ನಿ. ಲಯನ್ಸ್ ವರ್ಷ ಆರಂಭವಾಗುವುದು ಜುಲೈ 1ರಂದು, ಪದಾಧಿಕಾರಿಗಳೂ ಆಗಲೇ ಬದಲಾಗುತ್ತಾರೆ. ಆದ್ದರಿಂದ ಮೇ, ಜೂನ್ ತಿಂಗಳಲ್ಲಿ ಪರಿಚಯದ ಸದಸ್ಯರೊಬ್ಬರ ಅತಿಥಿಯಾಗಿ ಒಂದೆರಡು ಸಭೆಗೆ ಹೋಗಿ ನೋಡಿ. ಸದಸ್ಯತ್ವ ಆಹ್ವಾನದ ಮೇಲೆಯೇ ಸಿಗುವುದು, ನಿಮ್ಮ ಪರವಾಗಿ ಒಬ್ಬ ಸದಸ್ಯರು ಹೆಸರು ಸೂಚಿಸಬೇಕು. ಸಭೆಗಿಂತ ಮೊದಲು ಒಂದು ಮರುಭೇಟಿಗೆ ಕರೆದೊಯ್ಯಿರಿ ಎಂದು ಕೇಳಿದರೆ ಇನ್ನೂ ಒಳ್ಳೆಯದು. ಮುಂದಿನ ವರ್ಷದ ಚಂದಾವನ್ನು ನಾನು ಆಗಲೇ ಕಟ್ಟಿದ್ದೇನೆ. ಅಧ್ಯಕ್ಷರು ಯಾವ ಜವಾಬ್ದಾರಿ ಬೇಕೆಂದು ಕೇಳಿದಾಗ ನೇತ್ರದಾನದ ರಾತ್ರಿ ಕರೆಗಳ ಪಟ್ಟಿಗೆ ಮೂರನೆಯ ಹೆಸರಾಗಿ ನನ್ನದನ್ನು ಬರೆಸಿದೆ.