ಎಲ್‌ಎಸ್ ಇಂಜಿನ್ ಹಾಕ್ತಿದ್ದೀರಾ? ಬ್ರ್ಯಾಕೆಟ್ ಕೊಳ್ಳುವ ಮುಂಚೆ ಅಳತೆ ನೋಡಿ

ನನ್ನ 1970ರ ಶೆವರ್ಲೆ ಕಾರು ಶೆವೆಲ್‌ಗೆ ಟ್ರಕ್ಕಿನಿಂದ ಬಿಚ್ಚಿದ 5.3 ಲೀಟರ್ ಎಲ್‌ಎಸ್ ಇಂಜಿನ್ ಸಿಕ್ಕಿತು. ಎಲ್‌ಎಸ್ ಅಂದರೆ ಜನರಲ್ ಮೋಟಾರ್ಸ್ ಕಂಪನಿಯ ವಿ8 ಇಂಜಿನ್‌ಗಳ ಒಂದು ಕುಟುಂಬ. ಇಳಿಸಿ ನೋಡಿದರೆ ಎಸಿ ಕಂಪ್ರೆಸರ್ ಬಲಗಡೆ ಕೆಳಗೆ ಚಾಸಿಗೆ ಬಡಿಯುತ್ತಿತ್ತು. ಚಾಸಿ ಕತ್ತರಿಸಲು ಮನಸ್ಸು ಬರಲಿಲ್ಲ. ಕಂಪ್ರೆಸರನ್ನು ಮೇಲೆ ಕೂರಿಸುವ ಒಂದು ಬ್ರ್ಯಾಕೆಟ್ ಕೊಂಡೆ. 'ಎಲ್‌ಎಸ್ ಎಲ್ಲಾ ಒಂದೇ, ಸುಮ್ನೆ ಹಾಕಿ' ಅಂದರು ಮಾರಿದವರು.

ಬೋಲ್ಟ್ ರಂಧ್ರಗಳೆಲ್ಲ ಸರಿಯಾಗಿ ಕೂತವು. ಮೋಸ ಹೋಗುವುದು ಇಲ್ಲೇ. ಈ ಇಂಜಿನ್‌ಗಳಲ್ಲಿ ಹೆಡ್ಡಿನ ರಂಧ್ರ ಒಂದೇ ಥರ ಇದ್ದರೂ ಬೆಲ್ಟ್ ಓಡುವ ಸಾಲು ಗಾಡಿಯಿಂದ ಗಾಡಿಗೆ ಬೇರೆ ಬೇರೆ. ಕಾರ್ವೆಟ್‌ನದು ಬ್ಲಾಕಿಗೆ ತೀರಾ ಹತ್ತಿರ. ಕ್ಯಾಮರೊ ಸಾಲು ಅದಕ್ಕಿಂತ ಸುಮಾರು 19 ಮಿಲಿಮೀಟರ್ ಮುಂದೆ. ಟ್ರಕ್ಕಿನದು ಕಾರ್ವೆಟ್‌ಗಿಂತ ಸುಮಾರು 38 ಮಿಲಿಮೀಟರ್ ಮುಂದೆ. ನಾನು ಕೊಂಡದ್ದು ಕ್ಯಾಮರೊ ಅಳತೆಯದು. ನನ್ನ ಬ್ಯಾಲೆನ್ಸರ್ (ಕ್ರ್ಯಾಂಕ್ ಶಾಫ್ಟಿನ ಮುಂತುದಿಯಲ್ಲಿ ಕೂತು ಬೆಲ್ಟ್ ಓಡಿಸುವ ಪುಲ್ಲಿ), ವಾಟರ್ ಪಂಪ್ ಎರಡೂ ಟ್ರಕ್ಕಿನವು. ಆರು ಗೆರೆಯ ಬೆಲ್ಟಿನ ಅಗಲವೇ 21 ಮಿಲಿಮೀಟರ್. ಹೆಚ್ಚುಕಡಿಮೆ ಒಂದು ಬೆಲ್ಟಿನಷ್ಟು ಹಿಂದೆ ಇತ್ತು ಕಂಪ್ರೆಸರ್ ಪುಲ್ಲಿ!

ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ಬ್ರ್ಯಾಕೆಟ್ ಹಿಂದೆ 19 ಮಿಲಿಮೀಟರ್ ಬುಷ್ ಇಟ್ಟು, ಉದ್ದದ ಬೋಲ್ಟ್ ಹಾಕಿ ಮುಂದೆ ತಂದೆ. ನೇರ ಅಳತೆಪಟ್ಟಿ ಇಟ್ಟು ನೋಡಿದಾಗ ಸಾಲು ನೆಟ್ಟಗಿತ್ತು. ಆದರೆ ಅದು ನಿಂತ ಇಂಜಿನ್‌ನಲ್ಲಿ ನೋಡಿದ್ದು. ಎಸಿ ಹಾಕಿದ ತಕ್ಷಣ ಕಂಪ್ರೆಸರ್ ಕ್ಲಚ್ ಹಿಡಿಯುತ್ತದೆ, ಆ ಎಳೆತಕ್ಕೆ ಬುಷ್ ಮೇಲೆ ನಿಂತ ಬ್ರ್ಯಾಕೆಟ್ ಬಾಗುತ್ತದೆ. ಕೀಚ್ ಅಂತ ಸದ್ದು ಬರುತ್ತಿತ್ತು, ಹೊಸ ಬೆಲ್ಟ್ ಅಲ್ವಾ ಅಂತ ಬಿಟ್ಟೆ. ಬ್ರ್ಯಾಕೆಟ್ ಮೇಲೆ ನುಣ್ಣನೆ ಕರೀ ಪುಡಿ ಕೂತಿತ್ತು. ಬೆಲ್ಟಿನ ಒಂದು ಅಂಚಿನಿಂದ ದಾರದ ಎಳೆ ಹೊರಗೆ ಬಂದಿತ್ತು. ಅದನ್ನೂ ಕತ್ತರಿಸಿ ಓಡಿಸಿದೆ.

ಇಳಿಜಾರಿನಲ್ಲಿ ಎಸಿ ಹಾಕಿಕೊಂಡು ಬರುವಾಗ ಬೆಲ್ಟ್ ಹಾರಿತು. ತಿರುವಿನ ನಡುವೆ ಪವರ್ ಸ್ಟೀರಿಂಗ್ ಹೋಗಿ ಸ್ಟೀರಿಂಗ್ ಕಲ್ಲಾಯಿತು. ಬ್ಯಾಟರಿ ದೀಪ ಹತ್ತಿತು. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ, ಹಾಗಾಗಿ ಟೆಂಪರೇಚರ್ ಮುಳ್ಳು ನೋಡನೋಡುತ್ತಲೇ ಮೇಲೇರಿತು. ಪಕ್ಕದಲ್ಲಿ ಮಗಳು ಕೂತಿದ್ದಳು. ಹೇಗೋ ಎಳೆದಾಡಿ ರಸ್ತೆ ಬದಿಗೆ ತಂದು ಇಂಜಿನ್ ಆರಿಸಿದೆ. ಹೆಡ್ ಉಳಿಯಿತು. ಆ ತಿರುವು ಇವತ್ತಿಗೂ ಕಣ್ಣ ಮುಂದಿದೆ.

ದಯವಿಟ್ಟು ಬ್ಯಾಲೆನ್ಸರ್, ವಾಟರ್ ಪಂಪ್, ಬ್ರ್ಯಾಕೆಟ್ ಮೂರನ್ನೂ ಒಂದೇ ಸೆಟ್ ಅಂತ ನೋಡಿ. ಕೊಳ್ಳುವ ಮುಂಚೆ ಇಂಜಿನನ್ನು ಮೌಂಟ್ ಮೇಲೆ ಕೂರಿಸಿ ಚಾಸಿ, ಸ್ಟೀರಿಂಗ್ ಬಾಕ್ಸ್, ರೇಡಿಯೇಟರ್ ಫ್ಯಾನ್ ಎಷ್ಟು ದೂರ ಇವೆ ಅಂತ ಅಳೆಯಿರಿ. ರಟ್ಟಿನಲ್ಲಿ ಕಂಪ್ರೆಸರ್ ಆಕಾರ ಮಾಡಿ ಇಟ್ಟು ನೋಡಿದರೂ ಸಾಕು. ಮಾರುವವರನ್ನು 'ಎಲ್‌ಎಸ್‌ಗೆ ಆಗುತ್ತಾ' ಅಂತ ಕೇಳಬೇಡಿ, 'ಯಾವ ಸಾಲಿನದು' ಅಂತ ಕೇಳಿ.

ಬ್ಯಾಲೆನ್ಸರನ್ನೇ ಬದಲಿಸುವುದಾದರೆ ಅದನ್ನು ಶಾಫ್ಟಿನ ಮೇಲೆ ತಿರುಗದಂತೆ ಹಿಡಿಯುವ ಕೀಲಿ ಇಲ್ಲ, ಬಿಗಿತದಲ್ಲೇ ನಿಲ್ಲುತ್ತದೆ. ಅದರ ಬೋಲ್ಟನ್ನು ಕೊನೆಯ ಬಿಗಿತಕ್ಕೆ ಎರಡನೇ ಸಲ ಬಳಸುವ ಹಾಗಿಲ್ಲ. ಹಳೇ ಬೋಲ್ಟಿನಿಂದ ಪೂರ್ತಿ ಕೂರಿಸಿ, ಅದನ್ನು ತೆಗೆದು, ಹೊಸದನ್ನು 50 ನ್ಯೂಟನ್ ಮೀಟರ್‌ಗೆ ಬಿಗಿದು ಆಮೇಲೆ 140 ಡಿಗ್ರಿ ತಿರುಗಿಸಬೇಕು. ನಾನು ಆ ಗೋಜಿಗೆ ಹೋಗಲಿಲ್ಲ. ಟ್ರಕ್ ಸಾಲಿನದೇ ಬ್ರ್ಯಾಕೆಟ್ ಹುಡುಕಿ ಹಾಕಿದೆ. ಬುಷ್ ಇಲ್ಲ, ಸದ್ದಿಲ್ಲ, ಕರೀ ಪುಡಿಯೂ ಇಲ್ಲ.